ಕರುಳು ಇಳಿದಾಗ: ಶಸ್ತ್ರಚಿಕಿತ್ಸೆಯಿಲ್ಲದೆ ಎಷ್ಟು ದಿನ?

ಮೂಟೆ ಎತ್ತುವಾಗಲೋ ಜೋರಾಗಿ ಕೆಮ್ಮಿದಾಗಲೋ ತೊಡೆಸಂದಿಯಲ್ಲಿ ಅಥವಾ ಹೊಕ್ಕುಳಿನ ಬಳಿ ನಿಂಬೆಹಣ್ಣಿನಷ್ಟು ಉಬ್ಬು ಕಾಣಿಸಿ, ಮಲಗಿದೊಡನೆ ಮಾಯವಾಗುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಹಳ್ಳಿಗಳಲ್ಲಿ ಕರುಳು ಇಳಿಯುವುದು ಎನ್ನುವ ಇದೇ ಹರ್ನಿಯಾ. ಹೊಟ್ಟೆಯ ಗೋಡೆಯ ಸ್ನಾಯು ಒಂದೆಡೆ ಸಡಿಲವಾಗಿ, ಒಳಗಿನ ಕೊಬ್ಬು ಅಥವಾ ಕರುಳು ಆ ಕಿಂಡಿಯಿಂದ ಹೊರಕ್ಕೆ ನುಗ್ಗುತ್ತದೆ. ಕೆರೆ ಏರಿಯ ತೂತಿನಂತೆ, ಒಳಗಿನ ಒತ್ತಡವೇ ಅದನ್ನು ಅಗಲ ಮಾಡುತ್ತದೆ.

ಬೇಸಾಯದ ವಿಷಯ ಬರೆಯುವವನಿಗೆ ಈ ಮಾತೇಕೆ ಎನ್ನಬಹುದು. ಡಿ.ಎ.ಪಿ. ಮೂಟೆ 50 ಕಿಲೋ, ಯೂರಿಯಾ ಮೂಟೆ 2018ರಿಂದ 45 ಕಿಲೋ. ಎಕರೆಗೆ ಎಷ್ಟು ಮೂಟೆ ಎಂದು ಶಿಫಾರಸು ಮಾಡುವ ನಾವು, ಅದನ್ನು ಹೊರುವವರ ಹೊಟ್ಟೆಯ ಬಗ್ಗೆ ಯೋಚಿಸುವುದು ಕಡಿಮೆ.

ದೊಡ್ಡವರಲ್ಲಿ ಕಿಂಡಿ ತಾನಾಗಿ ಮುಚ್ಚುವುದಿಲ್ಲ. ಬರೆ ಹಾಕಿದರೂ, ನಾಟಿ ಔಷಧಿ ಕುಡಿದರೂ, ತಿಕ್ಕಿದರೂ ಅಷ್ಟೇ. ಹಾಗೆಂದು ಎಲ್ಲರೂ ಕೂಡಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕೆಂದಿಲ್ಲ. ತೊಡೆಸಂದಿಯ ಹರ್ನಿಯಾ ಇದ್ದು, ಹೆಚ್ಚು ತೊಂದರೆಯಿಲ್ಲದ 720 ಗಂಡಸರ ಮೇಲೆ ಉತ್ತರ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಕಾದು ನೋಡಿದವರಲ್ಲಿ ಕರುಳು ಸಿಕ್ಕಿಕೊಂಡ ಅಪಾಯ ವರ್ಷಕ್ಕೆ ಸಾವಿರಕ್ಕೆ ಇಬ್ಬರಿಗಿಂತ ಕಡಿಮೆ. ಆದರೆ 10 ವರ್ಷ ಕಳೆಯುವಷ್ಟರಲ್ಲಿ ಸುಮಾರು ಮೂರರಲ್ಲಿ ಇಬ್ಬರು, ಬಹುಪಾಲು ನೋವು ಹೆಚ್ಚಿದ್ದರಿಂದ, ಶಸ್ತ್ರಚಿಕಿತ್ಸೆಗೇ ಹೋದರು. ಆದ್ದರಿಂದ ಕಾಯುವುದು ವೈದ್ಯರಿಗೆ ತೋರಿಸಿದ ಮೇಲಿನ ಮಾತು. ಹೆಂಗಸರು ಕಾಯುವುದು ಬೇಡ. ಅವರಲ್ಲಿ ತೊಡೆಯ ಬುಡದ ಹರ್ನಿಯಾ ಹೆಚ್ಚು, ಅದು ಬೇಗ ಸಿಕ್ಕಿಕೊಳ್ಳುತ್ತದೆ. ಎಳೆಯ ಮಕ್ಕಳ ಹೊಕ್ಕುಳಿನ ಉಬ್ಬು ಮಾತ್ರ ಸಾಮಾನ್ಯವಾಗಿ 4-5 ವರ್ಷದೊಳಗೆ ತಾನೇ ಮುಚ್ಚುತ್ತದೆ. ಅದರ ಮೇಲೆ ನಾಣ್ಯ ಕಟ್ಟಿದರೆ ಚರ್ಮ ಹುಣ್ಣಾಗುವುದೇ ಲಾಭ!

ಕಾಯುವವರು ಒತ್ತಡ ತಗ್ಗಿಸಬೇಕು. ಮೂಟೆಯನ್ನು ಹೊಲದ ಬದುವಿನಲ್ಲೇ ಬಿಚ್ಚಿ ಬುಟ್ಟಿಗಳಿಗೆ ಹಂಚಿಕೊಳ್ಳಿ. 16 ಲೀಟರಿನ ಸಿಂಪರಣಾ ಯಂತ್ರವನ್ನು ಅರ್ಧ ತುಂಬಿಸಿ ಎರಡು ಸಲ ಹೋಗಿ. ಬೀಡಿ ಬಿಡಿ, ಕೆಮ್ಮು ತಗ್ಗುತ್ತದೆ. ಮಲಬದ್ಧತೆಗೆ ಸೊಪ್ಪು, ತರಕಾರಿ, ನೀರು ಹೆಚ್ಚಿಸಿ. ಮುಕ್ಕಿ ಮೂತ್ರ ಮಾಡುವ ವಯಸ್ಸಾದವರು ಅದಕ್ಕೂ ಚಿಕಿತ್ಸೆ ಪಡೆಯಬೇಕು. ಹರ್ನಿಯಾ ಬೆಲ್ಟನ್ನು ವೈದ್ಯರು ಹೇಳಿದರೆ ಮಾತ್ರ, ಮಲಗಿ, ಉಬ್ಬು ಪೂರ್ತಿ ಒಳಸೇರಿದ ಮೇಲೆ ಕಟ್ಟಬೇಕು. ಅದು ಆಸರೆಯೇ ಹೊರತು ಚಿಕಿತ್ಸೆಯಲ್ಲ.

ಒಳಹೋಗುತ್ತಿದ್ದ ಉಬ್ಬು ಒಮ್ಮೆ ಹೋಗದೆ ಗಟ್ಟಿಯಾಗಿ, ನೋವು, ವಾಂತಿ, ಹೊಟ್ಟೆಯುಬ್ಬರ ಕಾಣಿಸಿ, ಹೂಸು ಬರುವುದು ನಿಂತರೆ, ಕರುಳು ಸಿಕ್ಕಿಕೊಂಡಿದೆ ಎಂದೇ ತಿಳಿಯಿರಿ. ರಕ್ತ ಸಂಚಾರ ನಿಂತ ಕರುಳು ಕೆಲವೇ ಗಂಟೆಗಳಲ್ಲಿ ಕೊಳೆಯಬಹುದು, ಪ್ರಾಣವೇ ಹೋಗಬಹುದು. ನಾಟಿ ಮುಗಿಯಲಿ, ಬೆಳಗಾಗಲಿ ಎನ್ನದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಿ. ಉಬ್ಬನ್ನು ಬಲವಾಗಿ ಅದುಮಬೇಡಿ. ದಾರಿಯಲ್ಲಿ ಊಟ, ನೀರು, ಹರಳೆಣ್ಣೆ ಯಾವುದನ್ನೂ ಕೊಡಬೇಡಿ.