‘ಮೂಕಜ್ಜಿಯ ಕನಸುಗಳು’: ನಮ್ಮ ವಾಚಕರು ಏನೆನ್ನುತ್ತಾರೆ?

ಡಾ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯು 1968ರಲ್ಲಿ ಪ್ರಕಟವಾಯಿತು. 1977ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಅದಕ್ಕೆ ಸಂದಿತು. ವಿದ್ವಾಂಸರು ಅದನ್ನು ಕುರಿತು ಬರೆದುದು ಬಹಳ. ಆದರೆ ಬೆಳಗಿನ ಜಾವದಲ್ಲಿಯೇ ಇಡ್ಲಿಯ ಪಾತ್ರೆಯನ್ನು ಒಲೆಗೇರಿಸುವ ನಮ್ಮ ಹೊಟೇಲು ಬಂಧುಗಳು, ಕಲ್ಯಾಣದಿಂದ ಸುಮಾರು 54 ಕಿಲೋಮೀಟರು ದೂರದ ಮುಂಬಯಿ ಕೋಟೆಗೆ ದಿನವೂ ಲೋಕಲಿನಲ್ಲಿ ನಿಂತೇ ಹೋಗಿ ಬರುವ ಗುಮಾಸ್ತ ಮಿತ್ರರು ಅದನ್ನು ಹೇಗೆ ಓದಿದ್ದಾರೆಂಬ ಕುತೂಹಲ ನಮಗೆ ಬಹುದಿನಗಳಿಂದ ಇದ್ದಿತು. ಕಲ್ಯಾಣದ ಒಂದು ಹೊಟೇಲಿನಲ್ಲಿ ಆ ಪುಸ್ತಕದ ಒಂದೇ ಪ್ರತಿ ಕೈಯಿಂದ ಕೈಗೆ ಹೋಗುತ್ತಿದೆಯೆಂದೂ, ಅದರ ವಿಷಯವಾಗಿ ಅಲ್ಲಿ ಎರಡು ಪಕ್ಷಗಳೇ ಆಗಿವೆಯೆಂದೂ ಕೇಳಿ, ಅಲ್ಲಿಯ ಕೆಲವರನ್ನೂ ಡೊಂಬಿವಲಿ, ಠಾಣೆಗಳ ಕೆಲವರನ್ನೂ ವಿಚಾರಿಸಿದೆವು.

ಓದದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಮೂಡೂರೆಂಬ ಹಳ್ಳಿ. ಅಲ್ಲಿ ಸುಬ್ಬರಾಯನೆಂಬ ಗೃಹಸ್ಥ, ಅವನ ಹೆಂಡತಿ ಸೀತೆ, ಮತ್ತು ಮನೆಯ ಹಿರಿಯಳಾದ ಮುದುಕಿ ಮೂಕಾಂಬಿಕೆ. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದ ಆಕೆ ಬಹುಕಾಲ ಮಾತನ್ನೇ ಆಡದಂತಿದ್ದು ಊರವರ ಬಾಯಲ್ಲಿ ಮೂಕಜ್ಜಿಯಾದಳು. ಈ ಅಜ್ಜಿಗೆ ಒಂದು ವಿಚಿತ್ರ ಶಕ್ತಿಯುಂಟು. ಯಾವುದೇ ವಸ್ತುವನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನ ಕಾಲವೆಲ್ಲವೂ ಅವಳ ಕಣ್ಣಿಗೆ ಕಟ್ಟುತ್ತದೆ. ಮೊಮ್ಮಗನು ಗುಹೆಯಿಂದ ತಂದ ಎಲುಬಿನ ಚೂರನ್ನು ಮುಟ್ಟಿದರೆ ಸಾವಿರಾರು ವರ್ಷಗಳ ಹಿಂದಿನ ಮನುಷ್ಯರು ಎದ್ದು ಬರುತ್ತಾರೆ. ಎದುರಿಗೆ ಬಂದು ಕುಳಿತವರ ಒಳಗುಟ್ಟೂ ಅವಳಿಗೆ ಮರೆಯಲ್ಲ. ದೇವರ ಕಲ್ಪನೆ ಯುಗಯುಗಕ್ಕೆ ಹೇಗೆ ಮಾರ್ಪಟ್ಟಿತೆಂಬುದನ್ನೂ, ಗಂಡುಹೆಣ್ಣಿನ ಸಂಬಂಧವನ್ನೂ ಆಕೆ ಮುಚ್ಚುಮರೆಯಿಲ್ಲದೆ ಆಡಿಬಿಡುತ್ತಾಳೆ. ಊರವರು ಅದನ್ನು ಅರುಳುಮರುಳೆನ್ನುತ್ತಾರೆ.

ಕುಂದಾಪುರದ ಕಡೆಯಿಂದ ಬಂದ ನಮ್ಮ ಹೊಟೇಲು ಕೆಲಸಗಾರರಲ್ಲಿ ಹೆಚ್ಚಿನವರಿಗೆ ಈ ಶಕ್ತಿಯೇನೂ ಹೊಸತೆನಿಸಲಿಲ್ಲ. ನಾಗಪಾತ್ರಿಯ ದರ್ಶನವನ್ನು ಕಂಡವರು, ಬಾವಿ ತೋಡುವ ಮೊದಲು ಕವಲುಕಡ್ಡಿ ಹಿಡಿದು ನೀರಿನ ಸೆಲೆ ತೋರಿಸುವವನನ್ನು ಕರೆಸಿದವರು, ಮಗುವಿಗೆ ದೃಷ್ಟಿ ತೆಗೆಸಿದವರು ಅವರು. ಒಬ್ಬ ಅಡುಗೆಯವರು, ‘ನಮ್ಮೂರಲ್ಲೂ ಇಂಥ ಅಜ್ಜಿ ಇದ್ದರು ಮಾರಾಯ್ರೆ, ಇದರಲ್ಲಿ ಕಾರಂತರದ್ದು ಏನುಂಟು?’ ಎಂದುಬಿಟ್ಟರು. ಇದು ಒಂದು ಪಕ್ಷ.

ಇನ್ನೊಂದು ಪಕ್ಷ ಗುಮಾಸ್ತರದು. ಜೀವಮಾನವೆಲ್ಲ ಕಣ್ಣಿಗೆ ಕಾಣದುದನ್ನು ನಂಬೆನೆಂದು ಹಟ ಹಿಡಿದ ಕಾರಂತರು ತಮ್ಮ ಕಾದಂಬರಿಯಲ್ಲಿ ಇಂಥ ಅತೀಂದ್ರಿಯ ಶಕ್ತಿಗೆ ಎಡೆಗೊಟ್ಟುದೇಕೆ? ಮೂಢನಂಬಿಕೆಗೆ ಇದು ಕುಮ್ಮಕ್ಕಲ್ಲವೆ? ಹೀಗೆ ಕೇಳುವವರ ಕಳವಳ ಸುಮ್ಮನೆ ಬಂದುದಲ್ಲ. ಅವರು ದಿನವೂ ಕುಳಿತು ನಿಂತು ಹೋಗುವ ಲೋಕಲ್ ಡಬ್ಬಿಯ ಗೋಡೆಯಲ್ಲಿಯೇ ಬಂಗಾಲಿ ಬಾಬಾಗಳ ಚೀಟಿಗಳು ಅಂಟಿರುತ್ತವೆ: ಪ್ರೇಮವಿವಾಹ, ಮನೆಜಗಳ, ನೌಕರಿ, ಶತ್ರುನಾಶ, ಎಲ್ಲಕ್ಕೂ ಖಚಿತ ಪರಿಹಾರ. ಊರಿನಿಂದ ದೂರವಾಗಿ ಒಂಟಿಯಾಗಿ ದುಡಿಯುವ ಹುಡುಗರು ತಿಂಗಳ ಪಗಾರವನ್ನು ಅಲ್ಲಿ ಸುರಿದು ಬಂದ ಉದಾಹರಣೆಗಳನ್ನು ನಾವೂ ಕೇಳಿದ್ದೇವೆ. ಇಂಥ ವಂಚನೆಯನ್ನು ವಿರೋಧಿಸುತ್ತ ಬಂದ ಡಾ. ನರೇಂದ್ರ ದಾಭೋಲ್ಕರರು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಕೊಲೆಯಾದರು. ಅವರು ವರ್ಷಗಟ್ಟಲೆ ಹೋರಾಡಿದ ಮಾಟಮಂತ್ರ ವಿರೋಧಿ ಶಾಸನವು ಮಹಾರಾಷ್ಟ್ರದಲ್ಲಿ ಜಾರಿಗೆ ಬಂದುದು ಅದೇ ವರ್ಷ. ಕರ್ನಾಟಕದ ವಿಧಾನಮಂಡಲವು 2017ರಲ್ಲಿ ಅಂಥದೇ ಶಾಸನವನ್ನು ಅಂಗೀಕರಿಸಿತು. ಇಷ್ಟೆಲ್ಲ ನಡೆದಿರುವಾಗ, ಎಲುಬು ಮುಟ್ಟಿ ಕಾಲವನ್ನು ಕಾಣುವ ಮುದುಕಿಯನ್ನು ಮೆಚ್ಚುವುದು ಹೇಗೆಂಬುದು ಅವರ ಪ್ರಶ್ನೆ.

ಈ ಎರಡು ಪಕ್ಷಗಳ ನಡುವೆ ವಾದವು ಮುಗಿಯುವಂತಿರಲಿಲ್ಲ. ಅಜ್ಜಿಗೆ ಕಂಡುದು ನಿಜವೊ ಭ್ರಮೆಯೊ ಎಂಬುದರ ಮೇಲೆಯೇ ಇಬ್ಬರೂ ನಿಂತಿದ್ದರು. ಅದನ್ನು ಪಕ್ಕಕ್ಕಿಟ್ಟು ಬೇರೊಂದು ಮಾತನ್ನು ಹೇಳಿದವರು ಡೊಂಬಿವಲಿಯ ಒಬ್ಬ ಗೃಹಿಣಿ. ‘ಆ ಕಾಲದಲ್ಲಿ ತಲೆ ಬೋಳಿಸಿಕೊಂಡು ಮೂಲೆ ಹಿಡಿದ ಹೆಂಗಸು ಬಾಯಿ ತೆರೆದು ದೇವರ ಮಾತು, ಗಂಡಸರ ಮಾತು ಆಡಿದ್ದರೆ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರೆ? ಕನಸು ಕಂಡೆ ಎಂದರೆ ಮಾತ್ರ ಆಡಲಿಕ್ಕೆ ಬಿಟ್ಟಾರು’ ಎಂದರು ಅವರು. ನಾವು ಕೇಳಿದ ಅಭಿಪ್ರಾಯಗಳಲ್ಲಿ ಇದಕ್ಕಿಂತ ಹತ್ತಿರಕ್ಕೆ ಬಂದುದು ಬೇರೊಂದಿಲ್ಲ.

ನಮ್ಮ ತುಳುನಾಡಿನ ಓದುಗರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು. ಭೂತದ ಕೋಲದಲ್ಲಿ ಬಣ್ಣ ಹಚ್ಚಿ, ಅಣಿ ಕಟ್ಟಿ ನಿಲ್ಲುವವರು ನಲಿಕೆ, ಪರವ, ಪಂಬದ ಮೊದಲಾದ ಸಮುದಾಯದವರು. ಉಳಿದ ದಿನಗಳಲ್ಲಿ ಗುತ್ತಿನ ಮನೆಯ ಜಗಲಿ ಏರುವ ಹಕ್ಕು ಅವರಿಗೆ ಇರಲಿಲ್ಲ. ಆದರೆ ಆ ಒಂದು ರಾತ್ರಿ ದೈವದ ನುಡಿಯಾಗಿ ಅವರು ಗುತ್ತಿನ ಯಜಮಾನನನ್ನೇ ಎದುರು ನಿಲ್ಲಿಸಿ ತಪ್ಪು ಕೇಳುತ್ತಾರೆ. ಯಜಮಾನನು ಕೈಮುಗಿದು ಒಪ್ಪುತ್ತಾನೆ. ದೈವವು ಮೈಮೇಲೆ ಬಂದಿತೆ ಇಲ್ಲವೆ ಎಂಬುದನ್ನು ಅವರವರ ಶ್ರದ್ಧೆಗೆ ಬಿಡೋಣ. ಆದರೆ ಹಗಲಿನಲ್ಲಿ ಆಡಲಾಗದ ಮಾತಿಗೆ ರಾತ್ರಿ ಅಪ್ಪಣೆ ಸಿಕ್ಕಿತೆಂಬುದರಲ್ಲಿ ಸಂದೇಹವಿಲ್ಲ. ಮೂಕಜ್ಜಿಗೆ ಕಾರಂತರು ಕೊಟ್ಟುದು ಇಂಥ ಅಪ್ಪಣೆಯನ್ನೇ ಎಂದು ನಮ್ಮ ಮತ. ಅವಳ ಹೆಸರೇ ಮೂಕಿಯೆಂದಿರುವುದನ್ನು ವಾಚಕರು ಗಮನಿಸಬೇಕು.

ಬಂಗಾಲಿ ಬಾಬಾಗೂ ಅಜ್ಜಿಗೂ ಇರುವ ಭೇದವೂ ಇಲ್ಲಿಯೇ ಇದೆ. ಬಾಬಾನು ಗಿರಾಕಿಗೆ ಬೇಕಾದುದನ್ನು ಹೇಳಿ ಹಣ ತೆಗೆದುಕೊಳ್ಳುತ್ತಾನೆ. ಅಜ್ಜಿಯಾದರೊ ಊರಿಗೆ ಬೇಡವಾದುದನ್ನೇ ಹೇಳುತ್ತಾಳೆ, ಕೈಯೊಡ್ಡುವುದಿಲ್ಲ. ಊರು ದೂರಮಾಡಿದ ನಾಗಿಯ ವಿಷಯದಲ್ಲಿ ಅವಳು ತೋರುವ ಕನಿಕರವನ್ನು ಓದಿದವರು ಈ ಮಾತನ್ನು ಒಪ್ಪಿಯಾರು.

ಸಮುದ್ರದಾಚೆಯ ಒಂದು ಕಾದಂಬರಿಯ ನೆನಪು ಇಲ್ಲಿ ಬರುತ್ತದೆ. ಇಂಗ್ಲಿಷು ಓದುವ ಠಾಣೆಯ ಗುಮಾಸ್ತ ಮಿತ್ರರೊಬ್ಬರು ಅದನ್ನು ನಮ್ಮ ಗಮನಕ್ಕೆ ತಂದರು. ಆರ್ಸನ್ ಸ್ಕಾಟ್ ಕಾರ್ಡ್ ಎಂಬ ಅಮೆರಿಕದ ಲೇಖಕರು 1987ರಲ್ಲಿ ಪ್ರಕಟಿಸಿದ ‘ಸೆವೆಂತ್ ಸನ್’, ಎಂದರೆ ‘ಏಳನೆಯ ಮಗ’. ಕಾಡು ಕಡಿದು ಪಶ್ಚಿಮಕ್ಕೆ ಸಾಗುತ್ತಿದ್ದ ಅಮೆರಿಕದ ಒಕ್ಕಲುಗಳ ಕಥೆ ಅದು. ಆದರೆ ಅಲ್ಲಿ ಅಜ್ಜಿಕಥೆಯ ಮಾಟಮಂತ್ರ, ರಕ್ಷೆ, ದೃಷ್ಟಿ ಎಲ್ಲವೂ ನಿಜವಾಗಿ ಫಲಿಸುತ್ತವೆ. ಏಳನೆಯ ಮಗನಿಗೆ ಏಳನೆಯ ಮಗನಾಗಿ ಹುಟ್ಟಿದ ಆಲ್ವಿನ್ ಎಂಬ ಹುಡುಗನಿಗೆ ಅಪಾರ ಶಕ್ತಿ. ಅದನ್ನು ತನ್ನ ಸ್ವಂತ ಲಾಭಕ್ಕಾಗಿ ಎಂದೂ ಬಳಸೆನೆಂದು ಅವನು ಪಣ ತೊಡುತ್ತಾನೆ. ಇವೆಲ್ಲವೂ ಬರಿಯ ಮೌಢ್ಯವೆಂದು ಹಳಿಯುವ ಪಾದ್ರಿಯೊಬ್ಬನೂ ಇದ್ದಾನೆ. ವಿಪರ್ಯಾಸವೆಂದರೆ, ದೇವದೂತನೆಂದು ನಂಬಿ ಅವನೇ ಒಂದು ದುಷ್ಟಶಕ್ತಿಗೆ ಮರುಳಾಗುತ್ತಾನೆ. ನಮ್ಮ ಗುಮಾಸ್ತರಿಗೂ ಅಡುಗೆಯವರಿಗೂ ನಡೆದ ವಾದವು ಅಲ್ಲಿ ಕಥೆಯೊಳಗೇ ನಡೆಯುತ್ತದೆಂದು ಹೇಳಬಹುದು.

ಆದರೆ ಠಾಣೆಯ ಮಿತ್ರರ ಮನಸ್ಸನ್ನು ಹಿಡಿದುದು ಆಲ್ವಿನ್ ಅಲ್ಲ, ಪೆಗ್ಗಿ ಎಂಬ ಐದು ವರ್ಷದ ಹುಡುಗಿ. ಮನುಷ್ಯರ ಎದೆಯೊಳಗಿನ ಜ್ಯೋತಿಯನ್ನು ಕಾಣಬಲ್ಲ ಅವಳಿಗೆ, ದೂರದ ಹೊಳೆಯನ್ನು ದಾಟುತ್ತಿರುವ ಬಂಡಿಯೊಂದು ಪ್ರವಾಹಕ್ಕೆ ಸಿಕ್ಕುದು ತಿಳಿಯುತ್ತದೆ. ಅವಳು ಹೇಳಿದೊಡನೆ ದೊಡ್ಡವರು ನೆರವಿಗೆ ಧಾವಿಸುತ್ತಾರೆ. ಆ ಬಂಡಿಯಲ್ಲಿಯೇ ಆಲ್ವಿನ್ ಹುಟ್ಟುವವನಿದ್ದನು. ‘ಐದು ವರ್ಷದ ಹುಡುಗಿಯ ಮಾತಿಗೆ ಅಲ್ಲಿ ಗಂಡಸರು ಓಡಿದರು. ಎಂಬತ್ತರ ಹತ್ತಿರದ ಅಜ್ಜಿಯ ಮಾತನ್ನು ಮೂಡೂರಿನಲ್ಲಿ ಒಬ್ಬ ಮೊಮ್ಮಗ ಕೇಳಿದ’ ಎಂದು ಅವರು ನಕ್ಕರು. ನಗೆಯಲ್ಲಿ ಸ್ವಲ್ಪ ಕಹಿಯೂ ಇದ್ದಿತೆನ್ನಬೇಕು. ಅವರ ಸ್ವಂತ ಅಜ್ಜಿಯೂ ಎಳವೆಯಲ್ಲಿಯೇ ವಿಧವೆಯಾದವರು, ಬಸ್ರೂರಿನ ಕಡೆಯ ಒಂದು ಹಳ್ಳಿಮನೆಯಲ್ಲಿ ಯಾರೊಡನೆಯೂ ಹೆಚ್ಚು ಮಾತಿಲ್ಲದೆ ಬಾಳಿದವರೆಂದು ಅವರೇ ಹೇಳಿದರು. ಆಕೆಗೆ ಏನು ಗೊತ್ತಿತ್ತೆಂದು ಮನೆಯಲ್ಲಿ ಯಾರೂ ಕೇಳಲಿಲ್ಲವಂತೆ.

ಕಾದಂಬರಿಯಲ್ಲಿ ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ಅಜ್ಜಿಯ ಬಾಯಲ್ಲಿ ಕೇಳಿಸುವುದು ಹಲವೆಡೆ ಕಾರಂತರದೇ ದನಿ. ಕಥೆ ನಿಂತು ವ್ಯಾಖ್ಯಾನ ನಡೆಯುತ್ತದೆ. ವಿಮರ್ಶಕರು ಹೇಳಿದ ಈ ಮಾತನ್ನೇ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಒಬ್ಬರು, ‘ಅಜ್ಜಿ ಕೆಲವು ಸಲ ಕಾಲೇಜು ಮೇಷ್ಟ್ರ ಹಾಗೆ ಮಾತಾಡುತ್ತಾರೆ’ ಎಂದು ಹೇಳಿದರು. ಹೆಣ್ಣುದೇವತೆ ಮೊದಲು, ಗಂಡುದೇವರು ಆಮೇಲೆ ಎಂಬಂಥ ವಿವರಣೆಗಳನ್ನು ಇಂದಿನ ಇತಿಹಾಸಕಾರರೆಲ್ಲರೂ ಹಾಗೆಯೇ ಒಪ್ಪಲಾರರು. ಅಜ್ಜಿಯ ಬಿಚ್ಚುಮಾತಿಗೆ ಮುಜುಗರಪಟ್ಟು ಪುಸ್ತಕವನ್ನು ಅರ್ಧಕ್ಕೇ ಮಡಚಿದವರೂ ನಮಗೆ ಸಿಕ್ಕಿದರು.

ಪಿ. ಶೇಷಾದ್ರಿಯವರ ನಿರ್ದೇಶನದಲ್ಲಿ ಇದು 2019ರಲ್ಲಿ ಚಲನಚಿತ್ರವಾಗಿ ಬಂದಿತು. ಮೂಕಜ್ಜಿಯ ಪಾತ್ರವನ್ನು ವಹಿಸಿದವರು ಬಿ. ಜಯಶ್ರೀ. ಓದುವ ವ್ಯವಧಾನವಿಲ್ಲದವರು ಚಿತ್ರವನ್ನಾದರೂ ನೋಡಬಹುದು. ಆದರೆ ಪುಸ್ತಕವೇ ಮೇಲೆಂದು ಎರಡನ್ನೂ ಬಲ್ಲವರ ಅಭಿಪ್ರಾಯ.

ಕಲ್ಯಾಣದ ಆ ಒಂದು ಪ್ರತಿಯು ಈಗ ರಟ್ಟು ಕಳಚಿ, ಮೇಲೆ ಹಳೆಯ ಪಂಚಾಂಗದ ಹಾಳೆಯನ್ನು ಹೊದ್ದು, ಮೊದಲು ‘ಕಾರಂತರದ್ದು ಏನುಂಟು’ ಎಂದ ಅಡುಗೆಯವರ ಕೈಗೇ ಎರಡನೆಯ ಸಲ ಹೋಗಿದೆ. ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ದಿನಕ್ಕೆ ನಾಲ್ಕಾರು ಪುಟ ಓದುತ್ತಾರೆ. ನಾಗಿಯ ಪ್ರಸಂಗದವರೆಗೆ ಬಂದಿದ್ದಾರಂತೆ. ಅದು ಮುಗಿಯುವವರೆಗೆ ಪುಸ್ತಕವನ್ನು ಯಾರೂ ಕೇಳಕೂಡದೆಂದು ಅಪ್ಪಣೆಯಾಗಿದೆ.