ಪಥ್ಯಾಹಾರ ವಿದ್ಯೆಯೂ ನಮ್ಮ ಹೆಣ್ಣುಮಕ್ಕಳೂ

ಅಡಿಗೆ ಬಲ್ಲವಳಿಗೆ ಪಥ್ಯವನ್ನು ಬೇರೆ ಕಲಿಸಬೇಕೆ ಎಂದು ಕೇಳುವ ಹಿರಿಯರು ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಯಲ್ಲಿ ಅನೇಕರಿರುವರು. ಇದಕ್ಕೆ ಉತ್ತರವನ್ನು ಮದ್ದೂರಿನ ಎಳನೀರಿನಿಂದಲೇ ಹೇಳಬಹುದು. ಕಾಯಿಲೆಯವರನ್ನು ನೋಡಲು ಹೋಗುವಾಗ ಎಳನೀರನ್ನು ಒಯ್ಯುವುದು ನಮ್ಮಲ್ಲಿ ವಾಡಿಕೆ. ಬಿಸಿಲಿನಲ್ಲಿ ದಣಿದವರಿಗೆ ಅದು ಹಿತಕರವೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಎಂಬ ಲವಣಾಂಶವು ಹೇರಳವಾಗಿದೆ. ಮೂತ್ರಪಿಂಡಗಳು ಕೆಟ್ಟವರ ದೇಹವು ಅದನ್ನು ಸರಿಯಾಗಿ ಹೊರಹಾಕಲಾರದು. ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯದ ಬಡಿತವು ತಪ್ಪಿ ಪ್ರಾಣಕ್ಕೇ ಅಪಾಯವಾಗಬಹುದು. ಪ್ರೀತಿಯಿಂದ ಕೊಟ್ಟುದೂ ಅರಿಯದೆ ಕೊಟ್ಟರೆ ಕೇಡಾಗುವುದು ಹೀಗೆ.

ರಾಗಿಯ ವಿಷಯವೂ ಇಂಥದೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು. ಅಷ್ಟೇ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂ ಆಸುಪಾಸು. ಬೆಳೆಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಧಾನ್ಯವು ವಿರಳ. ಆದರೂ ಸಕ್ಕರೆ ಕಾಯಿಲೆಯವರು ಅನ್ನವನ್ನು ಬಿಟ್ಟು ಮುದ್ದೆಯನ್ನು ಎಷ್ಟಾದರೂ ಉಣ್ಣಬಹುದೆಂಬ ನಂಬಿಕೆಯು ಸರಿಯಲ್ಲ. ರಾಗಿಯಲ್ಲಿಯೂ ಹೆಚ್ಚಿನ ಪಾಲು ಪಿಷ್ಟವೇ. ರೋಗಿಯ ತೂಕ, ವಯಸ್ಸು, ದುಡಿಮೆ, ಔಷಧ, ರಕ್ತಪರೀಕ್ಷೆಯ ಫಲ ಇವೆಲ್ಲವನ್ನೂ ನೋಡಿ ಮುದ್ದೆಯ ಅಳತೆಯನ್ನು ಗೊತ್ತುಮಾಡುವವಳೇ ಪಥ್ಯಾಹಾರ ತಜ್ಞೆ, ಎಂದರೆ ಡಯಟೀಷಿಯನ್.

ಈ ವೃತ್ತಿಯ ದಾರಿಯು ಹತ್ತನೆಯ ತರಗತಿಯ ಬಾಗಿಲಲ್ಲಿಯೇ ಕವಲೊಡೆಯುವುದು. ಪಿ.ಯು. ತರಗತಿಯಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ತೆಗೆದುಕೊಳ್ಳುವುದು ಮೊದಲ ಮೆಟ್ಟಿಲು. ಆ ಬಳಿಕ ಗೃಹವಿಜ್ಞಾನ ಅಥವಾ ಆಹಾರ ಮತ್ತು ಪೋಷಣಶಾಸ್ತ್ರದಲ್ಲಿ ಮೂರು ವರ್ಷಗಳ ಪದವಿ; ಅನಂತರ ಎರಡು ವರ್ಷಗಳ ಎಂ.ಎಸ್ಸಿ., ಇಲ್ಲವೆ ಪಥ್ಯಾಹಾರದಲ್ಲಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ. ಇದರ ಮೇಲೆ ಆಸ್ಪತ್ರೆಯಲ್ಲಿ ಆರು ತಿಂಗಳ ತರಬೇತಿಯನ್ನು ಪಡೆದವರು, 1963ರಲ್ಲಿ ಸ್ಥಾಪಿತವಾದ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆಗೆ ಕುಳಿತು, ತೇರ್ಗಡೆಯಾದರೆ ‘ರಿಜಿಸ್ಟರ್ಡ್ ಡಯಟೀಷಿಯನ್’ ಎನಿಸುವರು. 2021ರಲ್ಲಿ ಕೇಂದ್ರ ಸರ್ಕಾರವು ಮಾಡಿದ ಸಹವೈದ್ಯಕೀಯ ವೃತ್ತಿಗಳ ಕಾಯಿದೆಯು ಈ ವೃತ್ತಿಯನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಆದಕಾರಣ ಯಾವ ಕಾಲೇಜಿಗೆ ಸೇರುವ ಮುನ್ನವೂ ಅಲ್ಲಿಯ ಪದವಿಗೆ ಮಾನ್ಯತೆಯುಂಟೇ ಎಂದು ವಿಚಾರಿಸತಕ್ಕದ್ದು. ಕೆಲವು ವಾರಗಳಲ್ಲಿ ದೊರೆಯುವ ಪ್ರಮಾಣಪತ್ರಗಳನ್ನು ನಂಬಿ ಹಣವನ್ನು ಕಳೆದುಕೊಳ್ಳಬಾರದು.

ದೂರ ಹೋಗಬೇಕಾದ ಅಗತ್ಯವೂ ಇಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಮತ್ತು ಪೋಷಣ ವಿಭಾಗವಿದೆ. ಅದೇ ನಗರದಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದ ಕೆಲಸವು ಬೇರೆ. ಆಹಾರದ ಸಂಸ್ಕರಣ, ಸಂರಕ್ಷಣಗಳ ವಿದ್ಯೆಯನ್ನು ಪಥ್ಯದ ವಿದ್ಯೆಯೆಂದು ಭಾವಿಸಬಾರದು. ಮಂಡ್ಯ, ಮದ್ದೂರಿನವರಿಗೆ ಮೈಸೂರಿನ ರೈಲಿದೆ. ರೈಲಿಲ್ಲದ ಮಳವಳ್ಳಿಯ ಹುಡುಗಿಯರಿಗೆ ಬಸ್ಸು ಇಲ್ಲವೆ ವಿದ್ಯಾರ್ಥಿನಿಲಯವೇ ಗತಿ.

ಹತ್ತನೆಯ ತರಗತಿಯಾದ ಮೇಲೆ ಎಂ.ಎಸ್ಸಿ. ಮಾರ್ಗದಲ್ಲಿ ಒಟ್ಟು ಏಳೂವರೆ ವರ್ಷಗಳು. ಅಷ್ಟರೊಳಗೆ ಮದುವೆಯ ಮಾತು ಬಂದು ಓದು ನಡುವೆ ನಿಲ್ಲುವುದನ್ನು ನಾವು ಬಲ್ಲೆವು. ತಾಯಿತಂದೆಯರಲ್ಲಿ ನಮ್ಮ ಬಿನ್ನಹವಿಷ್ಟೆ: ಪದವಿಯೊಂದರಲ್ಲಿಯೇ ಮಗಳನ್ನು ನಿಲ್ಲಿಸಬೇಡಿರಿ, ರೋಗಿಯ ಬಳಿ ನಿಂತು ಹೇಳುವ ಅಧಿಕಾರವು ಕೊನೆಯ ಎರಡೂವರೆ ವರ್ಷಗಳಲ್ಲಿಯೇ ದೊರೆಯುವುದು.