ತೊಟ್ಟಿಲಿಲ್ಲದ ಊರು ಬೆಳೆಯುವುದು ಹೇಗೆ?

ಪ್ರಶ್ನೆ: ಅಮೆರಿಕದ ಫ್ಲಾರಿಡಾದಲ್ಲಿ ‘ದಿ ವಿಲೇಜಸ್’ ಎಂಬ ಹಿರಿಯರದೇ ಊರಿದೆಯಂತೆ. ಮಕ್ಕಳಿಲ್ಲದ ಮೇಲೆ ಅದರ ಜನಸಂಖ್ಯೆ ಕರಗುವುದಿಲ್ಲವೆ?

ಉತ್ತರ: ಕರಗುವುದಿರಲಿ, 2010ರಿಂದ 2020ರ ನಡುವೆ ಅಮೆರಿಕದ ಮಹಾನಗರ ಪ್ರದೇಶಗಳಲ್ಲೆಲ್ಲ ಅತಿ ವೇಗವಾಗಿ, ಸುಮಾರು ಶೇ 39ರಷ್ಟು ಬೆಳೆದದ್ದು ಇದೇ! ಕಾಲೇಜು ಹಾಸ್ಟೆಲ್ ನೆನಪಿಸಿಕೊಳ್ಳಿ. ಅಲ್ಲಿ ಯಾರೂ ಹುಟ್ಟುವುದಿಲ್ಲ. ಓದು ಮುಗಿಸಿದವರು ಹೊರಟಂತೆ ಹೊಸಬರು ಬರುತ್ತಾರೆ; ಕಟ್ಟಡಕ್ಕೆ ನೂರು ವರ್ಷವಾದರೂ ಒಳಗಿರುವವರ ವಯಸ್ಸು ಇಪ್ಪತ್ತರ ಆಸುಪಾಸು. ಕೋಣೆ ಕಟ್ಟಿದಷ್ಟೂ ಜನ.

ಇಲ್ಲೂ ಹಾಗೆಯೇ. ಜನನಕ್ಕಿಂತ ಸಾವೇ ಹೆಚ್ಚು. ಆದರೆ ಉತ್ತರದ ಚಳಿ ರಾಜ್ಯಗಳ ನಿವೃತ್ತರು ಮನೆ ಮಾರಿ ಇಲ್ಲಿಗೆ ಬರುತ್ತಲೇ ಇರುತ್ತಾರೆ. ಬಿಸಿಲಿದೆ, ಗಾಲ್ಫ್ ಇದೆ, ರಾಜ್ಯದ ಆದಾಯ ತೆರಿಗೆಯಿಲ್ಲ (ಕೊನೆಯದೇ ದೊಡ್ಡ ಸೆಳೆತವೆಂದು ನನ್ನ ಗುಮಾನಿ). ಅವರಿಗಾಗಿ ಹೊಸ ಬಡಾವಣೆಗಳು ಏಳುತ್ತಲೇ ಇವೆ.

ವಯಸ್ಸಿನ ಬೇಲಿಗೆ ಕಾನೂನಿನ ಆಸರೆಯಿದೆ: ಇಂಥ ಊರಿನ ಕನಿಷ್ಠ ಶೇ 80 ಮನೆಗಳಲ್ಲಿ 55 ತುಂಬಿದ ಒಬ್ಬರಾದರೂ ಇರಬೇಕು. ದಿ ವಿಲೇಜಸ್‌ನ ಬಹುಪಾಲು ಬಡಾವಣೆಗಳಲ್ಲಿ 19ರೊಳಗಿನವರು ಖಾಯಂ ಇರುವಂತಿಲ್ಲ. ಮೊಮ್ಮಕ್ಕಳಿಗೆ ವರ್ಷಕ್ಕೆ 30 ದಿನ ಮಾತ್ರ. ಹೀಗಾಗಿ ನರ್ಸ್, ಅಡುಗೆಯವರು, ಪ್ಲಂಬರ್‌ಗಳಲ್ಲಿ ಹೆಚ್ಚಿನವರು ಸುತ್ತಲಿನ ಊರುಗಳಿಂದ ಬರಬೇಕು.